ಮಂಚ ಕೊಳ್ಳುವ ಮುಂಚೆ ಬಗ್ಗಿ ಕೆಳಗೆ ನೋಡಿ

ತಂಗಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ಈಗ ನನ್ನ ವಾಟ್ಸಾಪ್ ತುಂಬ ಮಂಚದ ಫೋಟೋಗಳೇ. ಒಂದರ ತಲೆಹಲಗೆಗೆ ಕೆತ್ತನೆ, ಒಂದಕ್ಕೆ ಕುಶನ್, ಇನ್ನೊಂದಕ್ಕೆ ಒಳಗಿಂದ ಲೈಟು ಬೇರೆ. ಕಾಲು ಹೇಗಿದೆ, ಹಾಸಿಗೆ ಯಾವುದರ ಮೇಲೆ ಕೂರುತ್ತದೆ ಅಂತ ತೋರಿಸುವ ಫೋಟೋ ಒಂದೂ ಇಲ್ಲ. ಅಂಗಡಿಗೆ ಹೋಗು, ಹಾಸಿಗೆ ಎತ್ತಿಸು, ಬಗ್ಗಿ ಕೆಳಗೆ ನೋಡು ಅಂದೆ.

ಮೊದಲು ನೋಡಬೇಕಾದ್ದು ನಡುವಿನ ಕಾಲು. ಕ್ವೀನ್ ಅಂದರೆ 60 ಇಂಚು ಅಗಲ, ಕಿಂಗ್ ಅಂದರೆ 72. ಇಷ್ಟು ಅಗಲದ ಮಂಚಕ್ಕೆ ಮಧ್ಯೆ ಒಂದು ಪಟ್ಟಿ, ಅದಕ್ಕೆ ನೆಲಕ್ಕೆ ತಾಗುವ ಕಾಲು ಇರಲೇಬೇಕು. ಇಲ್ಲದಿದ್ದರೆ ನಿಧಾನಕ್ಕೆ ಜಗ್ಗುತ್ತದೆ, ಇಬ್ಬರೂ ನಡುವಿಗೆ ಉರುಳಿಕೊಂಡು ಬರುತ್ತೀರಿ. ಆಮೇಲೆ ಹಾಸಿಗೆ ಹೊರುವ ಅಡ್ಡಪಟ್ಟಿಗಳ ನಡುವಿನ ಸಂದು. ತೆಂಗಿನ ನಾರಿನ ಗಟ್ಟಿ ಹಾಸಿಗೆ ಹೇಗೋ ತಡೆಯುತ್ತದೆ, ಆದರೆ ಫೋಮ್ ಹಾಸಿಗೆ ಅಗಲ ಸಂದಿನಲ್ಲಿ ಇಳಿದುಬಿಡುತ್ತದೆ. ಪಕ್ಕದ ಹಲಗೆ ತಲೆಹಲಗೆಗೆ ಸೇರುವ ಜಾಗದಲ್ಲಿ ಬೋಲ್ಟು ಇದೆಯಾ, ಬರೀ ಸ್ಕ್ರೂ ಇದೆಯಾ ಅಂತಲೂ ನೋಡಿ. ಮಂಚ ಅಲ್ಲಾಡುವುದು, ಕಿರ್ರ್ ಅನ್ನುವುದು ಹೆಚ್ಚಾಗಿ ಶುರುವಾಗುವುದೇ ಅಲ್ಲಿಂದ.

ಇನ್ನು ಮರ. ಯಾವ ಅಂಗಡಿಗೆ ಹೋದರೂ "ಪ್ಯೂರ್ ಟೀಕ್ ಸರ್" ಅನ್ನುತ್ತಾರೆ. ಇರಬಹುದು, ತೇಗವೇ ಇರಬಹುದು. ಆದರೆ ತೇಗದಲ್ಲಿ ಗೆದ್ದಲು ತಡೆಯುವುದು ಎಣ್ಣೆ ಅಂಶ ಇರುವ ಒಳಗಿನ ಚೇಗು, ತೊಗಟೆ ಕಡೆಯ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ. ಬೇಗ ಕಡಿದ ಎಳೆ ಮರದಲ್ಲಿ ಬಿಳಿಯೇ ಜಾಸ್ತಿ. ಮೇಲೆ ಕಂದು ಪಾಲಿಶ್ ಹೊಡೆದರೆ ಎರಡೂ ಒಂದೇ ಥರ ಕಾಣುತ್ತವೆ, ಗೊತ್ತೇ ಆಗುವುದಿಲ್ಲ. ಪಕ್ಕದ ಹಲಗೆಯ ಒಳಮೈ ಮೇಲೆ ಮೊಬೈಲ್ ಟಾರ್ಚ್ ಬಿಡಿ. ಅಲ್ಲಿ ಪಾಲಿಶ್ ಸರಿಯಾಗಿ ಮಾಡಿರುವುದಿಲ್ಲ, ಅಂಚಿನುದ್ದಕ್ಕೂ ಬೆಳ್ಳಗಿನ ಪಟ್ಟೆ ಇದ್ದರೆ ಕಣ್ಣಿಗೆ ಬೀಳುತ್ತದೆ. ಹುಳ ಬಿದ್ದರೆ ಆ ಪಟ್ಟೆಗೇ ಮೊದಲು. ಆಮೇಲೆ ದಿನಾ ಬೆಳಿಗ್ಗೆ ಮಂಚದ ಕೆಳಗೆ ಹಿಟ್ಟಿನ ಹಾಗೆ ಪುಡಿ ಉದುರಿರುತ್ತದೆ.

ತೇಗವೇ ಆಗಬೇಕು ಅಂತೇನೂ ಇಲ್ಲ. ಹೊನ್ನೆ, ಮತ್ತಿ, ಹಲಸು ಎಲ್ಲ ಒಳ್ಳೆಯ ಮರಗಳೇ. ಹಲಸು ಮೊದಲು ಹಳದಿ ಇರುತ್ತದೆ, ವರ್ಷ ಕಳೆದಂತೆ ಕೆಂಪು ಕಂದಿಗೆ ತಿರುಗುತ್ತದೆ, ನನಗಂತೂ ಆ ಬಣ್ಣ ಎಲ್ಲಕ್ಕಿಂತ ಇಷ್ಟ. ಊರಲ್ಲಿ ಗೊತ್ತಿರುವ ಆಚಾರಿ ಇದ್ದರೆ ಅವರ ಹತ್ತಿರವೇ ಮಾಡಿಸಿ. ಒಂದೇ ಎಚ್ಚರಿಕೆ, ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರದಲ್ಲಿ ಮಾಡಿದ ಮಂಚ ಮೊದಲ ಬೇಸಿಗೆಗೇ ಸಂದು ಬಿಡುತ್ತದೆ. ಆನ್‌ಲೈನಿನಲ್ಲಿ ಸಿಗುವ ಶೀಶಮ್ ಕೂಡ ಗಟ್ಟಿ ಮರವೇ, ತೆಗೆದುಕೊಳ್ಳಬಹುದು.

ಪಾರ್ಟಿಕಲ್ ಬೋರ್ಡಿನ, ಅಂದರೆ ಮರದ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆಯ ಮಂಚಕ್ಕೆ ಮಾತ್ರ ನಾನು ಓಟು ಹಾಕುವುದಿಲ್ಲ. ಹೊಸದರಲ್ಲಿ ಚೆಂದ, ರೇಟೂ ಕಮ್ಮಿ. ಆದರೆ ಒಂದು ಸಲ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ತೂತು ಸಡಿಲ, ಆಮೇಲೆ ಅದು ಹಿಡಿಯುವುದೇ ಇಲ್ಲ. ನೆಲ ಒರೆಸುವ ನೀರು ದಿನಾ ತಾಗಿ ಕೆಳಗಿನ ಅಂಚು ಊದುತ್ತದೆ. 11 ತಿಂಗಳ ಅಗ್ರಿಮೆಂಟಿನಲ್ಲಿ ಬದುಕುವವರಿಗೆ ಇದು ಆಗುವ ಮಾತಲ್ಲ. ಪ್ಲೈವುಡ್ ಆದರೆ ಪರವಾಗಿಲ್ಲ. ಅದರ ಮೇಲೆ ಐಎಸ್, ಅಂದರೆ ಭಾರತೀಯ ಮಾನಕದ ಸಂಖ್ಯೆ ಇರುತ್ತದೆ. ಐಎಸ್ 710 ಅಂದರೆ ನೀರು ತಡೆಯುವ ಮರೈನ್ ಪ್ಲೈ, ಒಣ ಕೋಣೆಯ ಮಂಚಕ್ಕೆ ಅಷ್ಟು ಬೇಕಾಗಿಲ್ಲ, ಐಎಸ್ 303 ಮುದ್ರೆ ಇದ್ದರೆ ಸಾಕು.

ಅಮ್ಮನ ವಾದ ಬೇರೆ: "ಸ್ಟೋರೇಜ್ ಇಲ್ಲದ ಮಂಚ ಯಾಕೆ, ರಜಾಯಿ, ಸೂಟ್‌ಕೇಸು, ಮದುವೆಗೆ ಬಂದ ಪಾತ್ರೆ ಎಲ್ಲಿಡ್ತೀರಿ?" ಸರಿಯೇ. ಆದರೆ ಹಾಸಿಗೆ ಸಮೇತ ಮುಚ್ಚಳ ಮೇಲೇಳುವ ಹೈಡ್ರಾಲಿಕ್ ಮಂಚದ ಗ್ಯಾಸ್ ಪಂಪು ಹಾಸಿಗೆಯ ತೂಕಕ್ಕೆ ಹೊಂದಬೇಕು. ಹಾಸಿಗೆ ಭಾರವಾದರೆ ಮುಚ್ಚಳ ಏಳಲ್ಲ, ಹಗುರವಾದರೆ ಸರಿಯಾಗಿ ಕೂರಲ್ಲ. ಡ್ರಾಯರ್ ಬೇಕಾದರೆ ಎಳೆಯಲು ಪಕ್ಕದಲ್ಲಿ ಜಾಗ ಬೇಕು. 10 ಅಡಿ ಕೋಣೆಗೆ 6 ಅಡಿ ಮಂಚ, 2 ಅಡಿ ವಾರ್ಡ್‌ರೋಬ್ ಹಾಕಿದರೆ ಉಳಿಯುವುದು 2 ಅಡಿ, ಅದರಲ್ಲೇ ಬಾಗಿಲು ತೆಗೆಯಬೇಕು, ನಡೆಯಲೂಬೇಕು. ಮಲೆನಾಡು, ಕರಾವಳಿಯವರಿಗೆ ಇನ್ನೊಂದು ತಲೆನೋವು, ಗಾಳಿಯಾಡದ ಪೆಟ್ಟಿಗೆಯಲ್ಲಿ ಮಳೆಗಾಲಕ್ಕೆ ಬಟ್ಟೆಯೆಲ್ಲ ಬೂಷ್ಟು.

ಕುಶನ್ ತಲೆಹಲಗೆಯ ಬಗ್ಗೆ ಹೆಚ್ಚು ಹೇಳಲ್ಲ. ಕೊಬ್ಬರಿ ಎಣ್ಣೆ ಹಚ್ಚುವ ತಲೆಗಳಿರುವ ಮನೆಯಲ್ಲಿ ತಿಳಿ ಬಣ್ಣದ ಬಟ್ಟೆ ಎಷ್ಟು ದಿನ ತಡೆಯುತ್ತದೆ ಅಂತ ನೀವೇ ಲೆಕ್ಕ ಹಾಕಿ.

ಹಾಗಾಗಿ ಬಾಡಿಗೆ ಮನೆಗೆ ನನ್ನ ಮೊದಲ ಆಯ್ಕೆ ಕಬ್ಬಿಣದ ಮಂಚ. ಆಸ್ಪತ್ರೆ ಮಂಚ ಅಂತ ಮೂಗು ಮುರಿಯುತ್ತಾರೆ, ಮುರಿಯಲಿ. ಪೈಪು 16 ಗೇಜ್ ಕೇಳಿ. ಗೇಜ್ ಅಂದರೆ ತಗಡಿನ ದಪ್ಪದ ಅಳತೆ, ಸಂಖ್ಯೆ ಏರಿದಷ್ಟೂ ತೆಳು, ಹಾಗಾಗಿ 18 ಗೇಜ್ ಅದಕ್ಕಿಂತ ತೆಳು. ಪೈಪಿನ ಬಾಯಿಗೆಲ್ಲ ಮುಚ್ಚಳ ಇರಲಿ, ಇಲ್ಲದಿದ್ದರೆ ತಿಗಣೆಗೆ ಅದೇ ಮನೆ. ಶಬ್ದ ಬಂದರೆ ಹಳೆ ಸೈಕಲ್ ಟ್ಯೂಬು ಕತ್ತರಿಸಿ ಬೋಲ್ಟಿಗೆ ವಾಷರ್ ಥರ ಹಾಕಿ ಬಿಗಿ ಮಾಡಿ. ಮಂಗಳೂರು, ಕಾರವಾರದ ಕಡೆಯವರು ಮಾತ್ರ ವೆಲ್ಡಿಂಗ್ ಜಾಗದ ಪೇಂಟ್ ನೋಡಿಕೊಳ್ಳಿ, ತುಕ್ಕು ಶುರುವಾಗುವುದು ಅಲ್ಲೇ.

ಅಡ್ವಾನ್ಸ್ ಕೊಡುವ ಮೊದಲು ಟೇಪ್ ಹಿಡಿದು ಮೆಟ್ಟಿಲಿನ ತಿರುವು, ಲಿಫ್ಟಿನ ಬಾಗಿಲು ಎರಡನ್ನೂ ಅಳೆಯಿರಿ. ಉತ್ತರಕ್ಕೆ ತಲೆ ಹಾಕಬಾರದು ಅನ್ನುವವರು ಮನೆಯಲ್ಲಿದ್ದರೆ, ತಲೆಹಲಗೆ ಯಾವ ಗೋಡೆಗೆ ಬರುತ್ತದೆ, ಅಲ್ಲಿ ಕಿಟಕಿ ಇದೆಯಾ, ಸ್ವಿಚ್ ಬೋರ್ಡು ಮುಚ್ಚಿಹೋಗುತ್ತದಾ ಅಂತಲೂ ಈಗಲೇ ನೋಡಿಕೊಳ್ಳಿ. ಮಂಚ ಜೋಡಿಸುವ ಹುಡುಗರು ಹೊರಟುಹೋದ ಮೇಲೆ ಅದನ್ನು ತಿರುಗಿಸುವುದು ಇಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.