ತಾನಾಗಿ ಹೋದ ಗರ್ಭಕ್ಕೆ ‘ಅಬಾರ್ಷನ್’ ಅಂತ ಯಾಕೆ ಬರೆಯುತ್ತಾರೆ?

ಪುಣೆ, ಮುಂಬೈಯ ಕನ್ನಡ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಎರಡು ತಿಂಗಳು ಕಳೆದ ಮೇಲೆ ರಕ್ತ ಕಾಣಿಸಿಕೊಂಡಿತು, ಆಸ್ಪತ್ರೆಗೆ ಓಡಿದರು, ಗರ್ಭ ಉಳಿಯಲಿಲ್ಲ. ಮನೆಗೆ ಬಂದು ಡಿಸ್ಚಾರ್ಜ್ ಕಾರ್ಡ್ ನೋಡಿದರೆ ‘ಇನ್‌ಕಂಪ್ಲೀಟ್ ಅಬಾರ್ಷನ್’ ಅಂತ ಇದೆ. ವಾರ್ಡಿನಲ್ಲಿ ನರ್ಸ್ ಮರಾಠಿಯಲ್ಲಿ ‘ಗರ್ಭಪಾತ’ ಅಂದಿದ್ದೂ ಕಿವಿಗೆ ಬಿದ್ದಿದೆ. ಊರಿಂದ ಬಂದ ಅತ್ತೆ ಅದನ್ನು ಓದಿಸಿಕೊಂಡು ‘ತಗಸ್ಕೊಂಡ ಬಂದಾಳೇನ?’ ಅಂತ ಕೇಳಿಯೇ ಬಿಡುತ್ತಾರೆ. ಹಾಗಾದರೆ ಡಾಕ್ಟರು ತಪ್ಪು ಬರೆದರೇ?

ತಪ್ಪು ಬರೆದಿಲ್ಲ. ವೈದ್ಯರ ಭಾಷೆಯಲ್ಲಿ ಅಬಾರ್ಷನ್ ಎಂದರೆ ಕೂಸು ಹೊರಗೆ ಬದುಕುವಷ್ಟು ಬೆಳೆಯುವ ಮೊದಲೇ ಗರ್ಭ ಮುಗಿದುಹೋಗುವುದು, ಅಷ್ಟೇ. ಯಾರು ಮಾಡಿದರು, ತಾನಾಗಿ ಆಯಿತೇ ಎಂಬುದನ್ನು ಆ ಪದ ಹೇಳುವುದಿಲ್ಲ. ಅದನ್ನು ಹೇಳುವುದು ಅದರ ಜೊತೆಗೆ ಬರುವ ‘ಸ್ಪಾಂಟೇನಿಯಸ್’ (ತಾನಾಗಿ ಆದದ್ದು) ಎಂಬಂಥ ವಿಶೇಷಣ. ಇನ್ನೊಂದು ವಿಚಿತ್ರವಿದೆ: ಕಾನೂನಿನ ಪ್ರಕಾರ ತೆಗೆಸಿದ್ದಾದರೆ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬರೆಯುವುದು ‘ಎಂಟಿಪಿ’ ಅಂತ. 1971ರ ಕಾಯ್ದೆಯ ಹೆಸರೇ ಮೆಡಿಕಲ್ ಟರ್ಮಿನೇಷನ್ ಆಫ್ ಪ್ರೆಗ್ನೆನ್ಸಿ. ಆ ಹೆಸರಿನಲ್ಲಿ ಅಬಾರ್ಷನ್ ಎಂಬ ಪದವಿಲ್ಲ. ಹಾಗಾಗಿ ಜನ ಹೆದರುವ ಆ ಪದ ಕಾರ್ಡಿನ ಮೇಲೆ ಕಂಡರೆ, ಹೆಚ್ಚಿನ ಸಲ ಅದು ತಾನಾಗಿ ಹೋದದ್ದೇ ಆಗಿರುತ್ತದೆ.

ಗರ್ಭ ಯಾವ ಹಂತದಲ್ಲಿದೆ ಎಂದು ಹೇಳುವ ವಿಶೇಷಣಗಳನ್ನು ಓದುವುದೂ ಕಷ್ಟವೇನಲ್ಲ. ‘ಥ್ರೆಟನ್ಡ್’ ಎಂದರೆ ರಕ್ತ ಹೋಗುತ್ತಿದೆ, ಆದರೆ ಗರ್ಭಕೋಶದ ಬಾಯಿ ಮುಚ್ಚಿಯೇ ಇದೆ. ಇವುಗಳಲ್ಲಿ ಎಷ್ಟೋ ಬಸಿರು ಮುಂದೆ ನೆಟ್ಟಗೆ ಹೆರಿಗೆಯವರೆಗೆ ಹೋಗುತ್ತವೆ. ಈ ಪದ ಕಂಡ ಕೂಡಲೇ ಎಲ್ಲ ಮುಗಿಯಿತು ಅಂತ ಅಳುತ್ತ ಕೂರುವವರಿದ್ದಾರೆ, ಅದಕ್ಕೇ ಒತ್ತಿ ಹೇಳುವುದು. ‘ಇನ್‌ಎವಿಟಬಲ್’ ಎಂದರೆ ಬಾಯಿ ತೆರೆದಿದೆ, ಇನ್ನು ತಡೆಯಲಾಗದು. ‘ಇನ್‌ಕಂಪ್ಲೀಟ್’ ಎಂದರೆ ಸ್ವಲ್ಪ ಹೊರಬಿದ್ದು ಉಳಿದದ್ದು ಒಳಗಿದೆ. ‘ಕಂಪ್ಲೀಟ್’ ಅಂದರೆ ಪೂರ್ತಿ ಹೋಗಿದೆ. ‘ಮಿಸ್ಡ್’ನಲ್ಲಿ ಗರ್ಭ ಒಳಗೇ ನಿಂತುಹೋಗಿರುತ್ತದೆ, ರಕ್ತವೂ ಇಲ್ಲದಿರಬಹುದು, ಸ್ಕ್ಯಾನಿನಲ್ಲೇ ಗೊತ್ತಾಗುವುದು. ಯೋನಿಯ ಒಳಗಿನಿಂದ ಮಾಡಿದ ಸ್ಕ್ಯಾನಿನಲ್ಲಿ ಭ್ರೂಣ 7 ಮಿ.ಮೀ. ಅಥವಾ ಹೆಚ್ಚಿದ್ದೂ ಎದೆಬಡಿತ ಇಲ್ಲದಿದ್ದರೆ, ಇಲ್ಲವೇ ಗರ್ಭಚೀಲದ ಸರಾಸರಿ ಅಳತೆ 25 ಮಿ.ಮೀ. ಅಥವಾ ಹೆಚ್ಚಿದ್ದೂ ಒಳಗೆ ಭ್ರೂಣವೇ ಕಾಣದಿದ್ದರೆ ಹೀಗೆ ತೀರ್ಮಾನಿಸುತ್ತಾರೆ. ಅಳತೆ ಅದಕ್ಕಿಂತ ಕಡಿಮೆ ಇದ್ದರೆ ಅವಸರ ಬೇಡ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ ಅಂತ ಕೇಳಬಹುದು, ಕೇಳಲೇಬೇಕು.

ಮನೆಯಲ್ಲಿ ಅನುಮಾನ ಹೆಚ್ಚುವುದು ಔಷಧದ ಬಿಲ್ ನೋಡಿದಾಗ. ಮಿಸೊಪ್ರೊಸ್ಟಾಲ್ ಮಾತ್ರೆ, ‘ಪಿಶವೀ ಸಾಫ್’ (ಮರಾಠಿಯಲ್ಲಿ ಗರ್ಭಕೋಶ ಸ್ವಚ್ಛ) ಮಾಡಿದ ಖರ್ಚು, ಎರಡೂ ಅದರಲ್ಲಿರುತ್ತವೆ. ಗರ್ಭಕೋಶದಲ್ಲಿ ಉಳಿದದ್ದನ್ನು ಹೊರಹಾಕಲು ಇರುವ ದಾರಿಗಳೇ ಇವು. ತಾನಾಗಿ ಹೋದದ್ದಕ್ಕೂ ತೆಗೆಸಿದ್ದಕ್ಕೂ ಅದೇ ಮಾತ್ರೆ, ಸ್ವಚ್ಛ ಮಾಡುವ ಅದೇ ಹೀರುನಳಿಗೆ. ಬಿಲ್ಲಿನಿಂದ ಯಾರ ಮನಸ್ಸಿನಲ್ಲಿ ಏನಿತ್ತು ಅಂತ ತಿಳಿಯುವುದಿಲ್ಲ.

ಇನ್ನು ಈ ಪದದ ಊರಿಗೆ ಬರೋಣ. ಲ್ಯಾಟಿನ್ನಿನ ‘ಒರಿರಿ’ ಎಂದರೆ ಮೂಡು, ಹುಟ್ಟು. ಸೂರ್ಯ ಮೂಡುವ ಪೂರ್ವಕ್ಕೆ ಓರಿಯೆಂಟ್ ಎನ್ನುವುದೂ ಅದರಿಂದಲೇ. ಅದಕ್ಕೆ ‘ಅಬ್’ ಸೇರಿ ‘ಅಬೊರಿರಿ’ ಆದರೆ ಹುಟ್ಟಬೇಕಾದ್ದು ಹುಟ್ಟದೆ ಇಲ್ಲವಾಗುವುದು. ಅದರ ನಾಮಪದ ‘ಅಬೊರ್ಟುಸ್’. ಬೇಕೆಂದು ಹೊರದೂಡುವುದಕ್ಕೆ ರೋಮನ್ನರ ಕಾನೂನು ‘ಅಬಿಗೆರೆ’ ಎಂಬ ಬೇರೆ ಕ್ರಿಯಾಪದವನ್ನೂ ಬಳಸುತ್ತಿತ್ತು. ಹಸುಗಳು ಕಂದು ಹಾಕುವ ರೋಗದ ಸೂಕ್ಷ್ಮಜೀವಿಗೆ ಇಂದಿಗೂ ಬ್ರುಸೆಲ್ಲಾ ಅಬಾರ್ಟಸ್ ಎಂದೇ ಹೆಸರು. ಅಲ್ಲಿ ಯಾರೂ ಏನನ್ನೂ ‘ಮಾಡಿಸಿಕೊಂಡಿಲ್ಲ’.

ಪದ ಹರಡಿದ ಮೇಲೆ ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು. ಪೋರ್ಚುಗೀಸ್, ಸ್ಪ್ಯಾನಿಷ್, ಇಟಾಲಿಯನ್‌ಗಳಲ್ಲಿ ‘ಅಬೊರ್ತೊ’ ಇವತ್ತಿಗೂ ಎರಡಕ್ಕೂ ಸಲ್ಲುತ್ತದೆ. ಸ್ವೀಡಿಷಿನಲ್ಲಿ ‘ಅಬೊರ್ಟ್’ ಎಂದರೆ ತೆಗೆಸಿದ್ದು, ತಾನಾಗಿ ಹೋದದ್ದಕ್ಕೆ ‘ಮಿಸ್‌ಫಾಲ್’. ಫ್ರೆಂಚರು ತಾನಾಗಿ ಹೋದದ್ದನ್ನು ‘ಫೋಸ್ ಕೂಶ್’ ಅನ್ನುತ್ತಾರೆ. ನಮ್ಮ ಪಶ್ಚಿಮ ಕರಾವಳಿಗೆ ಅದು ಎರಡು ಬಾಗಿಲಿನಿಂದ ಬಂತು. 1842ರಲ್ಲಿ ಶುರುವಾದ ಗೋವೆಯ ವೈದ್ಯಶಾಲೆ ಪೋರ್ಚುಗೀಸಿನಲ್ಲಿ ಕಲಿಸುತ್ತಿತ್ತು. 1845ರಲ್ಲಿ ಶುರುವಾದ ಮುಂಬೈಯ ಗ್ರ್ಯಾಂಟ್ ಮೆಡಿಕಲ್ ಕಾಲೇಜು ಇಂಗ್ಲಿಷಿನಲ್ಲಿ. ಬ್ರಿಟನ್ನಿನಲ್ಲಿ 1985ರಲ್ಲಿ ಮೂವರು ವೈದ್ಯರು ಲ್ಯಾನ್ಸೆಟ್ ಪತ್ರಿಕೆಗೆ ಬರೆದು, ತಾನಾಗಿ ಹೋದದ್ದನ್ನು ಮಿಸ್‌ಕ್ಯಾರೇಜ್ ಎನ್ನೋಣ ಎಂದರು. ಅಲ್ಲಿನ ರೂಢಿ ಮೆಲ್ಲಗೆ ಬದಲಾಯಿತು. ನಮ್ಮ ಪಠ್ಯಪುಸ್ತಕ, ಕಾರ್ಡುಗಳಲ್ಲಿ ಹಳೆಯದೇ ಉಳಿದಿದೆ. ನನ್ನ ಮಟ್ಟಿಗೆ ಬದಲಾಯಿಸಬೇಕಾದ್ದೇ.

ಮರಾಠಿ, ಕನ್ನಡ ಎರಡರಲ್ಲೂ ‘ಗರ್ಭಪಾತ’ದ್ದು ಇದೇ ಪಾಡು. ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯಲ್ಲಿ ವಿಂಗಡಣೆ ತಿಂಗಳ ಮೇಲೆ: ನಾಲ್ಕನೇ ತಿಂಗಳವರೆಗೆ ಸ್ರಾವ, ಐದು, ಆರರಲ್ಲಿ ಪಾತ. ತಾನಾಗಿ ಆದದ್ದೋ ಮಾಡಿಸಿದ್ದೋ ಎಂದು ಬೇರ್ಪಡಿಸುವ ಕೆಲಸವನ್ನು ಮಾತಿನ ಕನ್ನಡ ಕ್ರಿಯಾಪದಕ್ಕೆ ಬಿಟ್ಟಿದೆ. ‘ಅಬಾರ್ಷನ್ ಆಯ್ತು’ ಬೇರೆ, ‘ಮಾಡಿಸಿದ್ರು’ ಬೇರೆ. ಕಾರ್ಡಿನಲ್ಲಿ ಕ್ರಿಯಾಪದವೇ ಇಲ್ಲದಿರುವುದು ತೊಂದರೆ. ಮನೆಯಲ್ಲಿ ಹಿರಿಯರಿಗೆ ಹೇಳುವಾಗ ‘ಗರ್ಭ ನಿಲ್ಲಲಿಲ್ಲ’ ಅಂದರೆ ಸಾಕು.

ಕಾಗದದ ಮಟ್ಟಿಗೆ, ಮನೆಗೆ ಬಿಡುವ ಮೊದಲೇ ‘ಸ್ಪಾಂಟೇನಿಯಸ್’ ಎಂಬ ಪದವನ್ನೂ ಎಷ್ಟು ವಾರ ಎಂಬುದನ್ನೂ ಬರೆಸಿಕೊಳ್ಳಿ. ಆಮೇಲೆ ತಿದ್ದಿಸುವುದು ತಾಪತ್ರಯ. ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ತಾನಾಗಿ ಹೋದದ್ದು ಓ 03, ತೆಗೆಸಿದ್ದು ಓ 04, ಮಿಸ್ಡ್ ಆದರೆ ಓ 02.1. ಕಂಪ್ಯೂಟರಿನಲ್ಲಿ ಕೆಳಗಿನ ಸಾಲು ಒತ್ತಿದರೆ ಅರ್ಥವೇ ಬದಲಾಗುತ್ತದೆ, ಹಾಗಾಗಿ ವಿಮೆಗೆ ಕಳಿಸುವ ಮುನ್ನ ಅಂಕಿ ನೋಡಿ. ಆಫೀಸಿನಲ್ಲಿ ಎಚ್‌ಆರ್‌ನವರು ಪದ ನೋಡಿ ರಜೆಗೆ ಗೊಣಗಿದರೆ ಒಂದು ವಿಷಯ ತಿಳಿದಿರಲಿ: 1961ರ ಹೆರಿಗೆ ಸೌಲಭ್ಯ ಕಾಯ್ದೆ ತಂದ ಆರು ವಾರಗಳ ಸಂಬಳದ ರಜೆ ತಾನಾಗಿ ಹೋದದ್ದಕ್ಕೂ ಇದೆ, ಕಾನೂನುಬದ್ಧವಾಗಿ ತೆಗೆಸಿದ್ದಕ್ಕೂ ಇದೆ.

ಮುಂದಿನ ಬಸಿರಿನಲ್ಲಿ ಫೈಲಿನ ಮೇಲೆ ‘ಜಿ3 ಪಿ1 ಎಲ್1 ಎ1’ ಎಂದಿರುತ್ತದೆ: ಇದು ಮೂರನೇ ಬಸಿರು, ಒಂದು ಹೆರಿಗೆ, ಬದುಕಿರುವ ಮಗು ಒಂದು, ಹೋದದ್ದು ಒಂದು. ಆ ‘ಎ’ ಎರಡು ಬಗೆಯನ್ನೂ ಒಟ್ಟಿಗೆ ಎಣಿಸುತ್ತದೆ. ಯಾವುದು ಹೇಗೆ ಹೋಯಿತು ಎಂಬುದನ್ನು ನಾಚಿಕೆಯಿಂದ ಮುಚ್ಚಿಡಬೇಡಿ, ತಾನಾಗಿ ಹೋದದ್ದು ಎರಡು, ಮೂರು ಸಲ ಆಗಿದ್ದರೆ ಡಾಕ್ಟರು ಬೇರೆ ಪರೀಕ್ಷೆಗಳನ್ನೇ ಬರೆಯುತ್ತಾರೆ. ತಾಯಿಯ ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಅಂತ ಗರ್ಭ ಹೋದ ದಿನವೇ ಕೇಳಿ. ಕೊಡಬೇಕಾದರೆ 72 ಗಂಟೆಯೊಳಗೆ ಕೊಡಬೇಕು. ಮನೆಗೆ ಬಂದ ಮೇಲೆ ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ ಎರಡು ಗಂಟೆ ಬಿಡದೆ ಹೋದರೆ, ಅಥವಾ ಜ್ವರ, ಕೆಟ್ಟ ವಾಸನೆ ಬಂದರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.