ಮಗ್ಗಲು ಬದಲಿಸುವಾಗ ಎಳೆಯಬೇಡಿ

ರಾಯಚೂರಿನಲ್ಲಿ ನಾನು ನರ್ಸ್. ಲಕ್ವಾ ಹೊಡೆದವರು, ಸೊಂಟದ ಮೂಳೆ ಮುರಿದವರು ನಮ್ಮ ವಾರ್ಡಿನಲ್ಲಿ ಜಾಸ್ತಿ. ಡಿಸ್ಚಾರ್ಜ್ ದಿನ ಮನೆಯವರು ಕೇಳುವುದು ಒಂದೇ: "ಎಷ್ಟು ತಾಸಿಗೊಮ್ಮೆ ಹೊಳ್ಳಿಸಬೇಕ್ರಿ ಸಿಸ್ಟರ್?" ಸಾಮಾನ್ಯವಾಗಿ 2 ತಾಸಿಗೊಮ್ಮೆ ಎನ್ನುತ್ತೇವೆ. ಹೇಗೆ ಹೊರಳಿಸಬೇಕು ಎಂದು ಕೇಳುವವರು ಕಡಿಮೆ. ಬೆಡ್‌ಸೋರ್, ಅಂದರೆ ಒಂದೇ ಕಡೆ ಮಲಗಿ ಒತ್ತಿ ಆಗುವ ಹುಣ್ಣು, ಆಗಿ ವಾಪಸ್ ಬಂದವರ ಮನೆಯವರನ್ನು ವಿಚಾರಿಸಿದರೆ, ಎಷ್ಟೋ ಸಲ ತಾಸಿನ ಲೆಕ್ಕ ಸರಿಯಾಗೇ ಇರುತ್ತದೆ. ಆದರೆ ಕಂಕುಳಲ್ಲಿ ಕೈ ಹಾಕಿ ತಲೆದಿಂಬಿನ ಕಡೆ ಎಳೆದಿರುತ್ತಾರೆ.

ಎಳೆದಾಗ ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಸರಿಯುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಜಗ್ಗಿ, ಮಡಚಿ, ರಕ್ತ ನಿಲ್ಲುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ತಲೆಕಡೆ ಮಂಚ ಜಾಸ್ತಿ ಎತ್ತಿಟ್ಟರೂ ಇದೇ ಕಥೆ, ರೋಗಿ ತಾನೇ ಕೆಳಗೆ ಜಾರುತ್ತಾನೆ. ಊಟದ ಹೊತ್ತು ಮತ್ತು ಊಟವಾದ ಅರ್ಧ ತಾಸು ಬಿಟ್ಟರೆ 30 ಡಿಗ್ರಿ ಸಾಕು, ಡಾಕ್ಟರು ಬೇರೆ ಹೇಳಿರದಿದ್ದರೆ.

ಎಳೆಯುವ ಬದಲು ಎತ್ತಿ ಸರಿಸಿ. ಅದಕ್ಕೆ ಹಳೆಯ ಧೋತರವೋ ಹತ್ತಿ ಸೀರೆಯೋ ಸಾಕು. ಮಡಚಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ರೋಗಿಯ ಕೆಳಗೆ ಹಾಸಿ. ಇಬ್ಬರು ಆಚೆ ಈಚೆ ನಿಂತು, ಅಂಚನ್ನು ಮೈಯ ಹತ್ತಿರದವರೆಗೆ ಸುತ್ತಿ ಹಿಡಿದು, ಮೊಣಕಾಲು ಬಗ್ಗಿಸಿ ಒಟ್ಟಿಗೆ ಎತ್ತಿ. ಕೌದಿ ಬೇಡ, ಅದರ ಹೊಲಿಗೆ ಒತ್ತುತ್ತದೆ. ರಬ್ಬರ್ ಶೀಟ್ ಹಾಕಿದರೆ ಮೇಲೊಂದು ಹತ್ತಿ ಬಟ್ಟೆ ಇರಲಿ. ನಮ್ಮ ಮೇ ತಿಂಗಳ ಬಿಸಿಲಿಗೆ ಬೆನ್ನು ಬೆವರಿ ಮೆತ್ತಗಾಗುತ್ತದೆ. ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ.

ಇನ್ನು ಹೊರಳಿಸುವುದು. ಮೊದಲು ಮೂತ್ರದ ಪೈಪು, ಮೂಗಿನ ನಳಿಕೆ, ಡ್ರಿಪ್ ಎಲ್ಲಿವೆ ನೋಡಿ. ಆಮೇಲೆ ರೋಗಿಗೆ ಹೇಳಿ. ಮಾತು ಹೋದವರಿಗೂ ಹೇಳಿ. "ಯಜ್ಜಾ, ನನ್ ಕಡೆ ಹೊಳ್ಳಸ್ತೀನಿ ನೋಡ್ರಿ" ಎಂದರೆ ಮೈ ಸಡಿಲ ಬಿಡುತ್ತಾರೆ. ಸುಮ್ನೆ ಹಿಡಿದರೆ ಬಿಗಿಯುತ್ತಾರೆ. ಯಾವ ಕಡೆ ಹೊರಳಿಸುತ್ತೀರೋ ಅದರ ಎದುರು ಅಂಚಿಗೆ ಮೊದಲು ಎತ್ತಿ ಸರಿಸಿ, ಆಗ ಹೊರಳಿದ ಮೇಲೆ ನಡುವೆ ಬರುತ್ತಾರೆ. ಕೆಳಗೆ ಬರುವ ಕೈಯನ್ನು ಮೈಯಿಂದ ದೂರ ಇಡಿ. ಆಚೆ ಕೈ ಎದೆ ಮೇಲೆ, ಆಚೆ ಮೊಣಕಾಲು ಮಡಚಿ. ಭುಜಕ್ಕೊಂದು, ಸೊಂಟಕ್ಕೊಂದು ಕೈ ಇಟ್ಟು ನಿಮ್ಮ ಕಡೆ ಉರುಳಿಸಿ. ಲಕ್ವಾ ಹೊಡೆದ ಕೈಯನ್ನು ಯಾವತ್ತೂ ಜಗ್ಗಬೇಡಿ, ಭುಜದ ಕೀಲು ಕಳಚಿಕೊಳ್ಳುತ್ತದೆ. ಬೆನ್ನುಮೂಳೆಗೆ ಅಥವಾ ಸೊಂಟಕ್ಕೆ ಪೆಟ್ಟಾಗಿದ್ದರೆ ಈ ಕ್ರಮ ಬೇಡ. ಅವರಿಗೆ ವಾರ್ಡಿನಲ್ಲಿ ಬೇರೆಯದೇ ಕಲಿಸುತ್ತೇವೆ.

ಪೂರ್ತಿ ಮಗ್ಗಲಾಗಿ ಮಲಗಿಸಬೇಡಿ. ಭಾರವೆಲ್ಲ ತೊಡೆಯ ಮೂಳೆ ಮೇಲೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಮೀನಖಂಡದ ಕೆಳಗೆ ಇನ್ನೊಂದು. ಹಿಮ್ಮಡಿ ಹಾಸಿಗೆಗೆ ತಾಗಬಾರದು. ಕಿವಿ ಮಡಚಿದೆಯಾ ಅದನ್ನೂ ನೋಡಿ, ಎಲ್ಲರೂ ಮರೆಯುವುದು ಅದನ್ನೇ.

ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿ ಮತ್ತೆ ಕೆಂಪಾದರೆ ಪರವಾಗಿಲ್ಲ. ಕೆಂಪು ಹಾಗೇ ನಿಂತರೆ ಹುಣ್ಣು ಶುರುವಾಗಿದೆ. ಕಪ್ಪು ಮೈಯವರಲ್ಲಿ ಕೆಂಪು ಕಾಣುವುದಿಲ್ಲ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಮುಟ್ಟಿ ನೋಡಿ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ. ನಡುವೆ ತೂತಿರುವ ಗಾಳಿ ರಿಂಗ್ ಕೂಡ ಬೇಡ, ಸುತ್ತಲಿನ ರಕ್ತ ತಡೆಯುತ್ತದೆ. ಏರ್‌ಬೆಡ್ ಒಳ್ಳೆಯದೇ, ಆದರೆ ಅದಿದ್ದರೂ ಹೊರಳಿಸಲೇಬೇಕು. ಕರೆಂಟ್ ಹೋದರೆ ಅದರ ಪಂಪ್ ನಿಲ್ಲುತ್ತದೆ. ಕರೆಂಟ್ ತಯಾರಿಸುವ ಶಕ್ತಿನಗರವನ್ನು ಪಕ್ಕದಲ್ಲೇ ಇಟ್ಟುಕೊಂಡ ನಮಗೆ ಅದನ್ನು ಬೇರೆ ಹೇಳಬೇಕಾ?

ಕಳಿಸುವ ಮುಂಚೆ ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸುತ್ತೇನೆ. ಮನೆಯಲ್ಲಿ ಮಂಚ ಗೋಡೆಗೆ ಹಚ್ಚಿದ್ದೀರಾ ಎಂದೂ ಕೇಳುತ್ತೇನೆ. ಬೀಳಬಾರದು ಎಂದು ಹೆಚ್ಚಿನವರು ಹಚ್ಚಿರುತ್ತಾರೆ. ಒಂದೇ ಬದಿ ಸಿಕ್ಕರೆ ಎಳೆಯದೆ ಇನ್ನೇನು ಮಾಡುತ್ತಾರೆ? ಎರಡೂ ಕಡೆ ಒಬ್ಬೊಬ್ಬರು ನಿಲ್ಲುವಷ್ಟು ಜಾಗ ಬಿಡಿ. ಬೀಳುವ ಭಯವಿದ್ದರೆ ಪಕ್ಕದಲ್ಲಿ ಸರಳು ಇರುವ ಆಸ್ಪತ್ರೆ ಮಂಚವನ್ನು ಬಾಡಿಗೆಗೆ ತನ್ನಿ.