ಬ್ಲ್ಯಾಕ್ ಸ್ಟಾರ್ ಜೋಡಿಯ ಎರಡನೆಯ ಆಲ್ಬಂ

ನ್ಯೂ ಜೆರ್ಸಿ, 29 ಸೆಪ್ಟೆಂಬರ್ 2024, ಭಾನುವಾರ

1998ರಲ್ಲಿ ಇದೇ ದಿನ ನ್ಯೂಯಾರ್ಕಿನ ಬ್ರೂಕ್ಲಿನ್‌ನ ರ್ಯಾಪ್ ಗಾಯಕರಾದ ಮಾಸ್ ಡೆಫ್ ಮತ್ತು ತಾಲಿಬ್ ಕ್ವೇಲಿ ‘ಬ್ಲ್ಯಾಕ್ ಸ್ಟಾರ್’ ಎಂಬ ಹೆಸರಿನಲ್ಲಿ ತಮ್ಮ ಮೊದಲ ಆಲ್ಬಂ ಹೊರತಂದರು. ಎರಡನೆಯದಾದ ‘ನೋ ಫಿಯರ್ ಆಫ್ ಟೈಮ್’ ಬಂದದ್ದು 2022ರ ಮೇ 3ರಂದು. ರಜೆಯ ಬಿಡುವಿನಲ್ಲಿ ಎರಡನ್ನೂ ಒಂದರ ಹಿಂದೊಂದು ಕೇಳಿದೆ. ಎರಡನೆಯದು ಮೊದಲನೆಯದರಂತಿಲ್ಲ ಎಂದು ಹಳೆಯ ಅಭಿಮಾನಿಗಳಲ್ಲಿ ಕೆಲವರು ಪಡುವ ನಿರಾಸೆ ನನ್ನದಲ್ಲ; ಏಕೆಂದು ಇಲ್ಲಿ ಬರೆದಿಡುತ್ತೇನೆ.

ಮೊದಲ ಆಲ್ಬಂ ಬಂದಾಗ ಹಿಪ್-ಹಾಪ್ ಲೋಕ ಸೂತಕದಿಂದ ಇನ್ನೂ ಹೊರಬಂದಿರಲಿಲ್ಲ. ಅದರ ದೊಡ್ಡ ಗಾಯಕರಾದ ಟುಪಾಕ್ ಶಕೂರ್ 1996ರ ಸೆಪ್ಟೆಂಬರ್‌ನಲ್ಲಿ, ನಟೋರಿಯಸ್ ಬಿ.ಐ.ಜಿ. 1997ರ ಮಾರ್ಚ್‌ನಲ್ಲಿ ಗುಂಡೇಟಿಗೆ ಬಲಿಯಾಗಿದ್ದರು. ಅಂಥ ಹೊತ್ತಿನಲ್ಲಿ ಈ ಇಬ್ಬರು ಯುವಕರು, ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆ 1919ರಲ್ಲಿ ಕಪ್ಪು ಜನರಿಂದ ಐದೈದು ಡಾಲರಿನ ಷೇರು ಕೂಡಿಸಿ ಕಟ್ಟಿದ ‘ಬ್ಲ್ಯಾಕ್ ಸ್ಟಾರ್ ಲೈನ್’ ಹಡಗು ಕಂಪನಿಯ ಹೆಸರನ್ನು ಹೊತ್ತು, ರಾಕಸ್ ಎಂಬ ಸಣ್ಣ ಧ್ವನಿಮುದ್ರಿಕೆ ಸಂಸ್ಥೆಯ ಮೂಲಕ ಬಂದರು. ‘ಡೆಫಿನಿಷನ್’ ಹಾಡಿನಲ್ಲಿ ಒಬ್ಬರ ಸಾಲು ಇನ್ನೂ ಗಾಳಿಯಲ್ಲಿರುವಾಗಲೇ ಇನ್ನೊಬ್ಬರು ಅದರ ಪ್ರಾಸವನ್ನು ಹಿಡಿಯುತ್ತಾರೆ, ಪಲ್ಲವಿಯಲ್ಲಿ ಹತರಾದ ಆ ಇಬ್ಬರ ಹೆಸರೂ ಕೇಳಿಸುತ್ತದೆ, ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಬೀಟ್ (ಮಾತಿನ ಕೆಳಗೆ ಓಡುವ ತಾಳ-ಸಂಗೀತ) ಹೊರಳಿ ಮುಂದಿನ ಹಾಡು ಬಿಡುವೇ ಇಲ್ಲದೆ ಶುರುವಾಗುತ್ತದೆ. ‘ಥೀವ್ಸ್ ಇನ್ ದ ನೈಟ್’ ಅಂತೂ ಟೋನಿ ಮಾರಿಸನ್ ಅವರ ‘ದ ಬ್ಲೂಯೆಸ್ಟ್ ಐ’ ಕಾದಂಬರಿಯ ಕೊನೆಯ ಭಾಗದಿಂದ ಹುಟ್ಟಿದ್ದು. ಈ ಆಲ್ಬಂನ ಸಂಗೀತದಲ್ಲಿ ದೊಡ್ಡ ಪಾಲು ಸಿನ್ಸಿನಾಟಿಯ ಹೈ-ಟೆಕ್ ಅವರದು.

ಆಮೇಲೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಮಾಸ್ ಡೆಫ್ ನಟರೂ ಆದರು, ಯಾಸೀನ್ ಬೇ ಎಂಬ ಹೆಸರನ್ನು ತಳೆದರು. ಕ್ವೇಲಿ ಬಿಡದೆ ಆಲ್ಬಂಗಳನ್ನು ಮಾಡುತ್ತ ಹೋದರು. ಜೊತೆಯಾಗಿ ಆಗೊಂದು ಈಗೊಂದು ಹಾಡು ಬಂತೇ ಹೊರತು ಇನ್ನೊಂದು ಆಲ್ಬಂ ಬರಲಿಲ್ಲ.

ಕೊನೆಗೆ ಅದು ಕೂಡಿಬಂದ ಬಗೆಯನ್ನು ಕ್ವೇಲಿ ಹೇಳಿಕೊಂಡಿದ್ದಾರೆ. ಯುರೋಪಿನಲ್ಲಿದ್ದ ಬೇ ಅವರನ್ನು ಕಾಣಲು ಹೋದಾಗ ಹಾಡುಗಳ ಮಾತು ಬಂತು; ಮಾತು ತಾನಾಗಿ ಹಾಡಾಗುತ್ತಿರುವುದನ್ನು ಕಂಡು ಅವರು ಧ್ವನಿಮುದ್ರಣ ತಂತ್ರಜ್ಞರೊಬ್ಬರನ್ನು ಸದಾ ಜೊತೆಯಲ್ಲಿಟ್ಟುಕೊಂಡರು. ಒಂದು ದಿನ ಹೋಟೆಲಿನಲ್ಲಿ ಸಂಗೀತ ನಿರ್ಮಾಪಕ ಮ್ಯಾಡ್‌ಲಿಬ್ ಅವರ ಬೀಟ್‌ಗಳನ್ನು ಕೇಳುತ್ತಿದ್ದಾಗ ಬೇ ಇದ್ದಕ್ಕಿದ್ದಂತೆ ಹಾಡತೊಡಗಿದರಂತೆ. ಇಡೀ ಆಲ್ಬಂಗಾಗಿ ಅವರು ಒಮ್ಮೆಯೂ ಸ್ಟುಡಿಯೊ ಮೆಟ್ಟಿಲು ಹತ್ತಲಿಲ್ಲ. ಹೋಟೆಲ್ ಕೋಣೆಗಳಲ್ಲಿ, ಡೇವ್ ಶಪೆಲ್ ಅವರ ಹಾಸ್ಯ ಪ್ರದರ್ಶನಗಳ ರಂಗದ ಹಿಂದೆ ಕೆಲಸ ನಡೆಯಿತು.

ಮಾತು ತಾನಾಗಿ ಹಾಡಾದ ಈ ಗುಣ ಆಲ್ಬಂನ ಒಂಬತ್ತೂ ಹಾಡುಗಳಲ್ಲಿ ಕೇಳುತ್ತದೆ. ಮ್ಯಾಡ್‌ಲಿಬ್ ಹಳೆಯ ರೆಕಾರ್ಡುಗಳಿಂದ ಎತ್ತಿದ ತುಣುಕುಗಳನ್ನು ಒರಟು ಅಂಚು ತೆಗೆಯದೆಯೇ ಸುತ್ತಲು ಬಿಡುತ್ತಾರೆ. ಹೈ-ಟೆಕ್ ಅವರಲ್ಲಿದ್ದ ಗಟ್ಟಿ ಡ್ರಮ್ ಇಲ್ಲಿ ಹಲವೆಡೆ ಹಿಂದೆ ಸರಿಯುತ್ತದೆ. ಆಗ ದನಿಗಳೇ ತಾಳವನ್ನು ಹೊರಬೇಕಾಗುತ್ತದೆ. ಬೇ ಸಾಲುಗಳನ್ನು ಎಳೆದು, ಅರ್ಧಕ್ಕೇ ನಿಲ್ಲಿಸಿ, ರಾಗದತ್ತ ವಾಲುತ್ತಾರೆ; ಕ್ವೇಲಿ ಎಂದಿನಂತೆ ತಾಳಕ್ಕೆ ಮಿಕ್ಕುವಷ್ಟು ಅಕ್ಷರಗಳನ್ನು ತುರುಕುತ್ತಾರೆ. ಒಬ್ಬರ ಸಾಲನ್ನು ಇನ್ನೊಬ್ಬರು ಕಸಿಯುವ ಹಳೆಯ ಆಟ ಕಡಿಮೆಯಾಗಿದೆ. ನನಗೆ ಅದು ಕೊರತೆಯೆನಿಸುವುದಿಲ್ಲ: ಐವತ್ತರ ಆಸುಪಾಸಿನ ಇಬ್ಬರು ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾದು ಕೇಳುವುದೇ ಈ ಆಲ್ಬಂನ ಸೊಗಸು. ಇಪ್ಪತ್ತರ ಹರೆಯದ ಅವಸರವನ್ನು ಅವರು ನಟಿಸಿದ್ದರೆ ನಾನು ಒಮ್ಮೆ ಕೇಳಿ ಸುಮ್ಮನಾಗುತ್ತಿದ್ದೆ.

ಬೇಸರವಿರುವುದು ಆಲ್ಬಂ ಹೊರಬಂದ ರೀತಿಯ ಬಗ್ಗೆ. ಸ್ಪಾಟಿಫೈ ಮುಂತಾದವನ್ನು ದೂರವಿಟ್ಟು, ಶಪೆಲ್ ಅವರೊಂದಿಗೆ ಈ ಇಬ್ಬರು ‘ದ ಮಿಡ್‌ನೈಟ್ ಮಿರಾಕಲ್’ ಎಂಬ ಕಾರ್ಯಕ್ರಮ ನಡೆಸುತ್ತಿದ್ದ ಲುಮಿನರಿ ಎಂಬ ಪಾಡ್‌ಕಾಸ್ಟ್ ವೇದಿಕೆಯಲ್ಲಿ, ಚಂದಾದಾರರಿಗಾಗಿ ಅದನ್ನು ಬಿಡುಗಡೆ ಮಾಡಿದರು. ತಮ್ಮ ಸರಕಿಗೆ ತಮ್ಮದೇ ಹಡಗು ಎಂಬ ಗಾರ್ವೆಯ ಹಂಬಲ ಇದರ ಹಿಂದೆ ಇದ್ದೀತು. ಸ್ಟ್ರೀಮಿಂಗ್ ಕಂಪನಿಗಳು ಕಲಾವಿದರಿಗೆ ಕೊಡುವ ಪುಡಿಗಾಸನ್ನು ನೋಡಿದರೆ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಕ್ವೇಲಿ ಒಂದು ಕಾಲಕ್ಕೆ ಬ್ರೂಕ್ಲಿನ್‌ನ ಎನ್‌ಕಿರು ಬುಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದ್ದವರು; ಮುಂದೆ ಇಬ್ಬರೂ ಸೇರಿ ಆ ಅಂಗಡಿಯನ್ನೇ ಕೊಂಡರು. ಪುಸ್ತಕದಂಗಡಿಗೆ ದಾರಿಹೋಕರು ಕಾಸಿಲ್ಲದೆಯೂ ಒಳಬಂದು ನಾಲ್ಕು ಪುಟ ತಿರುವಿಹಾಕಬಹುದು. ಈ ಆಲ್ಬಂಗೆ ಅಂಥ ಬಾಗಿಲು ಇರಲಿಲ್ಲ. ಮೊದಲ ಆಲ್ಬಂ ಬಾಯಿಪಾಠವಿರುವ ನನ್ನ ಗೆಳೆಯರಲ್ಲೇ ಹಲವರು ಎರಡನೆಯದನ್ನು ಪೂರ್ತಿ ಕೇಳಿಲ್ಲ. ‘ಫ್ರೀಕ್ವೆನ್ಸಿ’ಯಲ್ಲಿ ಫಿಲಡೆಲ್ಫಿಯಾದ ರ್ಯಾಪ್ ಗಾಯಕ ಬ್ಲ್ಯಾಕ್ ಥಾಟ್ ಈ ಇಬ್ಬರ ಜೊತೆ ಸೇರಿ ಹಾಡಿದ್ದಾರೆ ಎಂಬ ಸಂಗತಿಯೇ ಅವರಿಗೆ ನನ್ನಿಂದ ತಿಳಿಯಬೇಕಾಯಿತು.